ಚೆಕ್ ಎಂಜಿನ್ ಲೈಟು: ಒಂದು ಹಳದಿ ದೀಪದ ಜಾತಕ

ಕಾರು ಇಟ್ಟುಕೊಂಡವರೆಲ್ಲ ಒಂದಲ್ಲ ಒಂದು ದಿನ ಬೆಚ್ಚಿಬೀಳುವ ದೀಪ ಒಂದಿದೆ. ಸ್ಪೀಡೋಮೀಟರಿನ ಆಸುಪಾಸಿನಲ್ಲಿ, ಹಳದಿ ಬಣ್ಣದಲ್ಲಿ, ಎಂಜಿನ್ನಿನ ಆಕಾರದ ಒಂದು ಚಿತ್ರ. ಎಂಜಿನ್ ಅಂತ ಹೇಳಿದ ಮೇಲೆ ಎಂಜಿನ್ ಥರ ಕಾಣುತ್ತೆ, ಹೇಳದಿದ್ರೆ ಹೆಲಿಕಾಪ್ಟರ್ ಅಂದ್ಕೋಬಹುದು, ಬಚ್ಚಲುಮನೆಯ ನಲ್ಲಿ ಅಂತಲೂ ಅಂದ್ಕೋಬಹುದು :-) ಕೀಲಿ ತಿರುಗಿಸಿದಾಗ ಒಮ್ಮೆ ಹತ್ತಿ, ಎಂಜಿನ್ ಶುರುವಾದ ಮೇಲೆ ಆರಿಹೋಗಬೇಕು. ಆರಲಿಲ್ಲವೋ, ಆ ದಿನದ ನೆಮ್ಮದಿ ಹೋಯ್ತು ಅಂತಲೇ ಲೆಕ್ಕ.

ಬೇರೆ ದೀಪಗಳು ಪಾಪ, ನೇರ ಮಾತಿನವು. ಎಣ್ಣೆ ಡಬ್ಬದ ದೀಪ ಹತ್ತಿದರೆ ಆಯಿಲ್ ಒತ್ತಡ ಇಲ್ಲ, ಗಾಡಿ ನಿಲ್ಲಿಸು ಅಂತ. ಬ್ಯಾಟರಿಯದು ಹತ್ತಿದರೆ ಚಾರ್ಜ್ ಆಗ್ತಿಲ್ಲ ಅಂತ. ಇದೊಂದು ಮಾತ್ರ "ಏನೋ ಆಗಿದೆ, ನೋಡ್ಕೋ" ಅಂತ ಹೇಳಿ ಸುಮ್ಮನಾಗಿಬಿಡುತ್ತದೆ. ಗಾಡಿ ಚೆನ್ನಾಗಿಯೇ ಓಡುತ್ತಿರುತ್ತದೆ, ಸದ್ದು ಬದಲಾಗಿರುವುದಿಲ್ಲ, ದೀಪ ಮಾತ್ರ ಹತ್ತಿರುತ್ತದೆ. ನಾವು ಸಾಫ್ಟ್‌ವೇರಿನವರು ಬರೆಯುವ "ಸಮ್‌ಥಿಂಗ್ ವೆಂಟ್ ರಾಂಗ್" ಅನ್ನೋ ಎರರ್ ಮೆಸೇಜಿನ ಅಣ್ಣ ಇದು.

ಇಷ್ಟು ಅಸ್ಪಷ್ಟವಾದ ದೀಪವನ್ನು ಯಾಕೆ ಇಟ್ಟರು ಅಂತ ಹುಡುಕಹೊರಟಾಗ ನನಗೆ ಸಿಕ್ಕಿದ ಉತ್ತರ ಸ್ವಲ್ಪ ವಿಚಿತ್ರವಾಗಿತ್ತು. ಈ ದೀಪ ಹುಟ್ಟಿದ್ದು ನಿಮ್ಮ ಎಂಜಿನ್ನನ್ನು ಕಾಪಾಡಲಿಕ್ಕಲ್ಲ. ಅದು ಹುಟ್ಟಿದ್ದು ಲಾಸ್ ಏಂಜಲೀಸ್ ಎಂಬ ಊರಿನ ಗಾಳಿಗೋಸ್ಕರ. ಆ ಜಗಳದಲ್ಲಿ ನಮಗೆ, ಅಂದ್ರೆ ಕಾರಿನ ಮಾಲೀಕರಿಗೆ, ಕೇಳದೆಯೇ ಒಂದು ಹಕ್ಕು ಸಿಕ್ಕಿಬಿಟ್ಟಿತು. ಇವತ್ತು ಆ ಕಥೆ.

ಮಧ್ಯಾಹ್ನವೇ ಕವಿದ ಮಬ್ಬು

1943ರ ಜುಲೈ. ಎರಡನೇ ಮಹಾಯುದ್ಧದ ಕಾಲ. ಲಾಸ್ ಏಂಜಲೀಸಿನ ಪೇಟೆಯಲ್ಲಿ ಒಂದು ದಿನ ದಟ್ಟವಾದ ಮಬ್ಬು ಕವಿಯಿತು. ಮೂರು ಬೀದಿಯಾಚೆ ಏನಿದೆಯೆಂದು ಕಾಣುತ್ತಿರಲಿಲ್ಲ. ಕಣ್ಣು ಉರಿ, ಗಂಟಲು ಉರಿ. ಜಪಾನಿನವರು ವಿಷಾನಿಲ ಬಿಟ್ಟಿದ್ದಾರೆ ಅಂತ ಜನ ಗಾಬರಿಯಾದರು. ಆಮೇಲೆ ಅನುಮಾನ ಹೋಗಿದ್ದು ಆಲಿಸೋ ಬೀದಿಯಲ್ಲಿದ್ದ ಕೃತಕ ರಬ್ಬರಿಗೆ ಬೇಕಾದ ಬ್ಯೂಟಾಡೈಯೀನ್ ತಯಾರಿಸುವ ಕಾರ್ಖಾನೆಯ ಮೇಲೆ. ಅದನ್ನು ಸ್ವಲ್ಪ ಕಾಲ ಮುಚ್ಚಿಸಿದರು. ಮಬ್ಬು ಮಾತ್ರ ಮತ್ತೆ ಮತ್ತೆ ಬರುತ್ತಲೇ ಇತ್ತು.

ಕಳ್ಳ ಯಾರೆಂದು ಹಿಡಿದುಕೊಟ್ಟಿದ್ದು ಆರೀ ಹಾಗನ್-ಸ್ಮಿಟ್ ಎಂಬ ಡಚ್ ಮೂಲದ ರಸಾಯನ ವಿಜ್ಞಾನಿ. ಕ್ಯಾಲ್‌ಟೆಕ್‌ನಲ್ಲಿ ಮೇಷ್ಟ್ರು. ಅಲ್ಲಿಯ ತನಕ ಅವರು ಮಾಡುತ್ತಿದ್ದ ಕೆಲಸ ಯಾವುದು ಗೊತ್ತಾ? ಅನಾನಸ್ ಹಣ್ಣಿನ ಪರಿಮಳಕ್ಕೆ ಏನು ಕಾರಣ ಅಂತ ಹುಡುಕುವುದು! ಹಣ್ಣಿನ ವಾಸನೆಯನ್ನು ತಣ್ಣಗೆ ಮಾಡಿ ಹನಿಯಾಗಿ ಹಿಡಿಯುವ ಅದೇ ವಿದ್ಯೆಯನ್ನು ಅವರು ಊರಿನ ಗಾಳಿಗೆ ಹಚ್ಚಿದರು. ಸಿಕ್ಕಿದ್ದು ಕಂದು ಬಣ್ಣದ, ಘಾಟು ವಾಸನೆಯ ದ್ರವ. 1950ರ ದಶಕದ ಮೊದಲ ವರ್ಷಗಳಲ್ಲಿ ಅವರು ಲೆಕ್ಕ ಬಿಡಿಸಿಟ್ಟರು. ಪೂರ್ತಿ ಉರಿಯದ ಪೆಟ್ರೋಲಿನ ಹೈಡ್ರೋಕಾರ್ಬನ್ನುಗಳು, ನೈಟ್ರೋಜನ್ ಆಕ್ಸೈಡುಗಳು ಮತ್ತು ಕ್ಯಾಲಿಫೋರ್ನಿಯಾದ ಪುಕ್ಕಟೆ ಬಿಸಿಲು ಈ ಮೂರೂ ಸೇರಿದರೆ ಓಝೋನ್ ಹುಟ್ಟುತ್ತದೆ. ಕಣ್ಣು ಉರಿಸುವ ಸ್ಮಾಗ್ ಅಂದ್ರೆ ಅದೇ ಅಡುಗೆ. ಆ ಊರಿನಲ್ಲಿ ರಬ್ಬರ್ ಸಾಮಾನುಗಳು ಬೇಗ ಬಿರುಕು ಬಿಡುತ್ತಿದ್ದವು. ಅದಕ್ಕೂ ಕಾರಣ ಓಝೋನೇ ಆಗಿತ್ತು. ರಬ್ಬರ್ ತುಂಡು ಎಷ್ಟು ಬೇಗ ಸೀಳುತ್ತದೆ ಎಂಬುದರ ಮೇಲೆಯೇ ಗಾಳಿಯಲ್ಲಿ ಓಝೋನ್ ಎಷ್ಟಿದೆ ಅಂತ ಅಳೆಯುತ್ತಿದ್ದರಂತೆ.

ಅಂದ್ರೆ ಕಳ್ಳ ಮನೆಯೊಳಗೇ ಇದ್ದ. ಪ್ರತಿ ಮನೆಯ ಮುಂದೆ ನಿಂತಿದ್ದ ಕಾರೇ ಕಳ್ಳ.

ಇಷ್ಟು ಗೊತ್ತಾದ ತಕ್ಷಣ ಕಾರು ಕಂಪನಿಗಳು "ಅಯ್ಯೋ ತಪ್ಪಾಯ್ತು" ಅಂತ ಸರಿಮಾಡಿಬಿಟ್ಟವಾ? ಎಲ್ಲಿ ಬಂತು! ಹೊಗೆ ಕಡಿಮೆ ಮಾಡುವ ಸಾಧನಗಳನ್ನು ತಡಮಾಡಲು ತಮ್ಮತಮ್ಮಲ್ಲೇ ಸಂಚು ಮಾಡಿಕೊಂಡಿದ್ದಾರೆ ಅಂತ 1969ರಲ್ಲಿ ಅಮೆರಿಕದ ಸರಕಾರ ದೊಡ್ಡ ಕಾರು ಕಂಪನಿಗಳ ಮೇಲೆ ಮೊಕದ್ದಮೆಯನ್ನೇ ಹೂಡಬೇಕಾಯ್ತು. ಅದೇ ವರ್ಷ ಅದು ರಾಜಿಯಲ್ಲಿ ಮುಗಿಯಿತು. ಅಷ್ಟರಲ್ಲಿ, 1967ರಲ್ಲಿ, ಕ್ಯಾಲಿಫೋರ್ನಿಯಾ ತನ್ನದೇ ಆದ ಏರ್ ರಿಸೋರ್ಸಸ್ ಬೋರ್ಡ್ ಮಾಡಿಕೊಂಡಿತ್ತು. ಕಾನೂನಿಗೆ ಸಹಿ ಹಾಕಿದ ಗವರ್ನರು ಮುಂದೆ ಅಮೆರಿಕದ ಅಧ್ಯಕ್ಷರಾದ ರೊನಾಲ್ಡ್ ರೇಗನ್. ಬೋರ್ಡಿನ ಮೊದಲ ಅಧ್ಯಕ್ಷರು ನಮ್ಮ ಅನಾನಸ್ ಮೇಷ್ಟ್ರು ಹಾಗನ್-ಸ್ಮಿಟ್. ಈ ಬೋರ್ಡಿನ ಹೆಸರನ್ನು ನೆನಪಿಟ್ಟುಕೊಳ್ಳಿ, ಕಥೆಯಲ್ಲಿ ಮತ್ತೆ ಬರುತ್ತದೆ.

ಹೊಗೆ ಕೊಳವೆಗೆ ಮೂಗು ಬಂತು

1970ರ ಕ್ಲೀನ್ ಏರ್ ಆಕ್ಟ್ ಕಾರಿನ ಹೊಗೆಯನ್ನು ನೂರಕ್ಕೆ ತೊಂಬತ್ತರಷ್ಟು ಇಳಿಸಿ ಅಂತ ಹೇಳಿತು. ಅದಕ್ಕೆ 1975ರ ಮಾಡೆಲ್‌ಗಳಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್ ಬಂತು. ಹೊಗೆ ಕೊಳವೆಯ ಮಧ್ಯೆ ಕೂರಿಸಿದ, ಪ್ಲಾಟಿನಮ್ಮಿನಂಥ ದುಬಾರಿ ಲೋಹ ಸವರಿದ ಜೇನುಗೂಡು ಅದು. ಅದರಲ್ಲಿ ಹಾದುಹೋಗುವ ವಿಷಗಳು ನಿರುಪದ್ರವಿಗಳಾಗಿ ಹೊರಬರುತ್ತವೆ. ಸೀಸ ಬೆರೆಸಿದ ಪೆಟ್ರೋಲ್ ಹಾಕಿದರೆ ಈ ಗೂಡು ಸತ್ತೇಹೋಗುತ್ತದೆ, ಹಾಗಾಗಿ ಸೀಸವಿಲ್ಲದ ಪೆಟ್ರೋಲೂ ಜೊತೆಗೇ ಬಂತು.

ಮುಂದೆ ಬಂದ ಕನ್ವರ್ಟರ್ ಮೂರೂ ವಿಷಗಳನ್ನು ಒಟ್ಟಿಗೆ ನಿಭಾಯಿಸುವಂಥದ್ದು: ಕಾರ್ಬನ್ ಮೊನಾಕ್ಸೈಡ್, ಹೈಡ್ರೋಕಾರ್ಬನ್, ನೈಟ್ರೋಜನ್ ಆಕ್ಸೈಡ್. ಆದರೆ ಅದಕ್ಕೊಂದು ಮಡಿ. ಒಂದು ಭಾಗ ಪೆಟ್ರೋಲಿಗೆ ತೂಕದಲ್ಲಿ ಸುಮಾರು 14.7 ಭಾಗ ಗಾಳಿಯೇ ಇರಬೇಕು. ಹೆಚ್ಚಾದರೂ ಕೆಲಸ ಕೆಡುತ್ತೆ, ಕಡಿಮೆಯಾದರೂ ಕೆಡುತ್ತೆ. ಹಳೇ ಕಾರ್ಬ್ಯುರೇಟರಿಗೆ ಇಂಥ ನಾಜೂಕು ಎಲ್ಲಿಂದ ಬರಬೇಕು? ಹಾಗಾಗಿ ಹೊಗೆ ಕೊಳವೆಯಲ್ಲಿ ಒಂದು ಮೂಗು ಇಟ್ಟರು. ಬಾಷ್ ಕಂಪನಿಯ ಆಕ್ಸಿಜನ್ ಸೆನ್ಸರ್. ಕ್ಯಾಲಿಫೋರ್ನಿಯಾಕ್ಕೆ ಬಂದ 1977ರ ಮಾಡೆಲ್ ವೋಲ್ವೋ ಕಾರಿನಲ್ಲಿ ಅದು ಈ ಕನ್ವರ್ಟರಿನ ಜೊತೆಗೆ ಬಂತು. ಹೊಗೆಯಲ್ಲಿ ಆಮ್ಲಜನಕ ಉಳಿದಿದ್ದರೆ ಸುಮಾರು 0.1 ವೋಲ್ಟ್, ಉಳಿಯದಿದ್ದರೆ 0.9 ವೋಲ್ಟ್. ಅದನ್ನು ಓದಿ ಸೆಕೆಂಡಿಗೆ ಎಷ್ಟೋ ಸಲ ಪೆಟ್ರೋಲನ್ನು ಹೆಚ್ಚುಕಡಿಮೆ ಮಾಡಲು ಒಂದು ಪುಟ್ಟ ಗಣಕ ಬೇಕಾಯ್ತು. 1981ರ ಹೊತ್ತಿಗೆ ಜನರಲ್ ಮೋಟರ್ಸ್ ಅಮೆರಿಕದಲ್ಲಿ ಮಾರುವ ತನ್ನ ಪೆಟ್ರೋಲ್ ಕಾರುಗಳಿಗೆಲ್ಲ ಇಂಥ ಗಣಕ ಕೂರಿಸಿತ್ತು.

ಇಲ್ಲೊಂದು ಹೊಸ ತಲೆನೋವು ಹುಟ್ಟಿತು. ಕಾರ್ಬ್ಯುರೇಟರ್ ಕೆಟ್ಟರೆ ಗಾಡಿ ಕೆಮ್ಮುತ್ತಿತ್ತು, ನಿಲ್ಲುತ್ತಿತ್ತು. ಆಕ್ಸಿಜನ್ ಸೆನ್ಸರ್ ಕೆಟ್ಟರೆ? ಗಣಕ ತನ್ನ ಅಂದಾಜಿನ ಮೇಲೆ ಗಾಡಿ ಓಡಿಸಿಕೊಂಡು ಹೋಗುತ್ತದೆ. ಓಡಿಸುವವನಿಗೆ ಏನೂ ಗೊತ್ತಾಗುವುದಿಲ್ಲ. ಊರಿಗೆ ಮಾತ್ರ ಹೊಗೆ. ಅದಕ್ಕೇ ದೀಪ. ನೀವು ನೋಡಲಾಗದ, ಕೇಳಲಾಗದ, ನಿಮಗೆ ತೊಂದರೆಯನ್ನೇ ಕೊಡದ ದೋಷವನ್ನು ನಿಮ್ಮ ಕಣ್ಣಿಗೆ ಚುಚ್ಚುವುದು ಅದರ ಕೆಲಸ. ಗಾಡಿ ಚೆನ್ನಾಗಿ ಓಡುತ್ತಿದ್ದರೂ ದೀಪ ಯಾಕೆ ಹತ್ತುತ್ತದೆ ಅನ್ನೋದಕ್ಕೆ ಉತ್ತರ ಇಷ್ಟೇ.

ಒಂದೊಂದು ಕಂಪನಿಗೆ ಒಂದೊಂದು ಭಾಷೆ

ದೀಪ ಬಂತು. ಅದು ಯಾಕೆ ಹತ್ತಿತು ಅಂತ ಮನೆಯಲ್ಲೇ ತಿಳಿಯಬಹುದಿತ್ತಾ? ತಿಳಿಯಬಹುದಿತ್ತು, ಆದರೆ ಆ ಕಂಪನಿಯ ಗುಟ್ಟು ಗೊತ್ತಿರಬೇಕಿತ್ತು.

ಜನರಲ್ ಮೋಟರ್ಸ್ ಕಾರಾದರೆ ಡ್ಯಾಶ್‌ಬೋರ್ಡಿನ ಕೆಳಗಿನ ಸಾಕೆಟ್ಟಿನಲ್ಲಿ ಎ ಮತ್ತು ಬಿ ಎಂಬ ಎರಡು ತೂತುಗಳಿಗೆ ಒಂದು ತಂತಿ ತುಂಡು (ಪೇಪರ್ ಕ್ಲಿಪ್ಪೂ ನಡೆಯುತ್ತಿತ್ತು) ಸಿಕ್ಕಿಸಿ ಕೀಲಿ ತಿರುಗಿಸಬೇಕು. ಆಗ ಚೆಕ್ ಎಂಜಿನ್ ದೀಪ ಮಿಟುಕಿಸಲು ಶುರುಮಾಡುತ್ತದೆ. ಒಂದು ಮಿಟುಕು, ಸ್ವಲ್ಪ ಬಿಡುವು, ಎರಡು ಮಿಟುಕು: ಅಂದ್ರೆ 12. ಹೀಗೆ ಮೂರು ಸಲ 12 ಹೇಳಿದ ಮೇಲೆ ನಿಜವಾದ ದೋಷದ ಸಂಖ್ಯೆಗಳು, ಒಂದೊಂದೂ ಮೂರು ಮೂರು ಸಲ. ಕ್ರೈಸ್ಲರ್ ಆದರೆ ಕೀಲಿಯನ್ನು ಬೇಗಬೇಗ ಆನ್, ಆಫ್, ಆನ್, ಆಫ್, ಆನ್ ಮಾಡಬೇಕು, ಮುಗಿಯಿತು ಅನ್ನೋದಕ್ಕೆ 55. ಫೋರ್ಡಿನವರದ್ದಕ್ಕೆ ಮುಳ್ಳಿರುವ ವೋಲ್ಟ್‌ಮೀಟರ್ ಸಿಕ್ಕಿಸಿ ಮುಳ್ಳು ಎಷ್ಟು ಸಲ ಆಡುತ್ತದೆ ಅಂತ ಎಣಿಸಬೇಕು. ಟೊಯೋಟಾದಲ್ಲಿ ಟಿಇ1, ಇ1 ಎಂಬ ಎರಡು ಕಡೆ ತಂತಿ ಸೇರಿಸಬೇಕು. ಆ ಕಾಲದ ಕೆಲವು ಹೋಂಡಾಗಳಲ್ಲಂತೂ ಸೀಟಿನ ಕೆಳಗೆ ಬಗ್ಗಿ, ಗಣಕದ ಡಬ್ಬದ ಮೇಲೆ ಮಿನುಗುವ ಪುಟ್ಟ ದೀಪವನ್ನು ಇಣುಕಿ ನೋಡಬೇಕಿತ್ತು!

ಮಿಟುಕು ಎಣಿಸಿ ಸಂಖ್ಯೆ ಸಿಕ್ಕಿದ ಮೇಲೆ ಅದರ ಅರ್ಥ ಹುಡುಕಲು ಆ ಕಾರಿನದೇ ಪುಸ್ತಕ ಬೇಕು. ಒಂದು ಕಂಪನಿಯ 14 ಇನ್ನೊಂದು ಕಂಪನಿಯ 14 ಅಲ್ಲ. ಬೀದಿ ಬದಿಯ ಮೆಕ್ಯಾನಿಕ್ಕು ಎಷ್ಟು ಪುಸ್ತಕ, ಎಷ್ಟು ಯಂತ್ರ ಅಂತ ಕೊಳ್ಳುತ್ತಾನೆ? ಯೂನಿಕೋಡ್ ಬರುವ ಮೊದಲು ನುಡಿ, ಬರಹ, ಶ್ರೀಲಿಪಿ ಅಂತ ಒಂದೊಂದು ಫಾಂಟಿಗೆ ಒಂದೊಂದು ಎನ್‌ಕೋಡಿಂಗ್ ಇದ್ದು, ಒಬ್ಬರು ಬರೆದದ್ದು ಇನ್ನೊಬ್ಬರ ಗಣಕದಲ್ಲಿ ಕೀಟಗಳ ಹಾಗೆ ಕಾಣುತ್ತಿತ್ತಲ್ಲ, ಥೇಟ್ ಹಾಗೇ.

ಕ್ಯಾಲಿಫೋರ್ನಿಯಾದ ಬೋರ್ಡು 1985ರಲ್ಲಿ ಮೊದಲ ನಿಯಮ ಮಾಡಿತು. 1988ರ ಮಾಡೆಲ್‌ನಿಂದ ಅಲ್ಲಿ ಮಾರುವ ಕಾರುಗಳು ತಮ್ಮ ಹೊಗೆಗೆ ಸಂಬಂಧಪಟ್ಟ ಭಾಗಗಳನ್ನು ತಾವೇ ಪರೀಕ್ಷಿಸಿಕೊಂಡು ದೀಪ ಹಚ್ಚಬೇಕು. ಇದನ್ನೇ ಆಮೇಲೆ ಓಬಿಡಿ-1 ಅಂತ ಕರೆದರು. ಆದರೆ ಸಾಕೆಟ್ಟು, ಭಾಷೆ ಎಲ್ಲ ಕಂಪನಿಗಳ ಇಷ್ಟದ್ದೇ ಆಗಿತ್ತು. ಪರೀಕ್ಷೆಯೂ ಸಾಲದಾಗಿತ್ತು. ಕನ್ವರ್ಟರ್ ಒಳಗೊಳಗೇ ಸತ್ತಿದ್ದರೂ ಅದಕ್ಕೆ ಗೊತ್ತಾಗುತ್ತಿರಲಿಲ್ಲ. 1989ರಲ್ಲಿ ಬೋರ್ಡು ಎರಡನೆಯ ನಿಯಮ ಒಪ್ಪಿತು. ಅದೇ ಓಬಿಡಿ-2.

ಒಂದು ಪುಟ್ಟ ಉಪವಿಧಿ

ಈ ಕಥೆಯಲ್ಲಿ ನನಗೆ ಅತ್ಯಂತ ಇಷ್ಟವಾದ ಭಾಗ ಇದು. 1990ರ ನವೆಂಬರಿನಲ್ಲಿ ಅಧ್ಯಕ್ಷ ಜಾರ್ಜ್ ಬುಷ್ (ಅಪ್ಪ ಬುಷ್) ಕ್ಲೀನ್ ಏರ್ ಆಕ್ಟಿನ ತಿದ್ದುಪಡಿಗೆ ಸಹಿ ಹಾಕಿದರು. ನೂರಾರು ಪುಟದ ಕಾನೂನು. ಆಮ್ಲ ಮಳೆ, ಓಝೋನ್ ಪದರ ಅಂತ ದೊಡ್ಡ ದೊಡ್ಡ ವಿಷಯಗಳು. ಅದರೊಳಗೆ 202(ಎಂ) ಅಂತ ಒಂದು ಪುಟ್ಟ ಉಪವಿಧಿ. ಅದು ಹೇಳಿದ್ದರ ಸಾರ ಇಷ್ಟು: ಹೊಗೆ ನಿಯಂತ್ರಣದ ದೋಷಗಳನ್ನು ಓದುವ ಸಾಕೆಟ್ಟು ಎಲ್ಲ ಕಾರುಗಳಲ್ಲೂ ಒಂದೇ ಥರ ಇರಬೇಕು. ಅದರೊಳಗೆ ಹೋಗಲು ಪಾಸ್‌ವರ್ಡು ಬೇಕಾಗಬಾರದು. ತಯಾರಕರ ಹತ್ತಿರ ಮಾತ್ರ ಸಿಗುವ ಯಂತ್ರವೂ ಬೇಕಾಗಬಾರದು. ಹೊರಬರುವ ಮಾಹಿತಿಯನ್ನು ಬಿಡಿಸಲು ಗುಪ್ತ ಲಿಪಿಯೂ ಬೇಕಾಗಬಾರದು. ಜೊತೆಗೆ, ದುರಸ್ತಿಗೆ ಬೇಕಾದ ಮಾಹಿತಿಯನ್ನು ದುರಸ್ತಿ ಮಾಡುವ ಯಾರಿಗಾದರೂ ಕೊಡಬೇಕು.

ದುರಸ್ತಿ ಸುಲಭವಾದರೆ ಜನ ದುರಸ್ತಿ ಮಾಡಿಸುತ್ತಾರೆ, ದುರಸ್ತಿಯಾದರೆ ಹೊಗೆ ಕಡಿಮೆಯಾಗುತ್ತದೆ ಎಂಬುದು ಇದರ ಹಿಂದಿನ ಲೆಕ್ಕ. ನಾನು ದಿನವೂ ಕೆಲಸ ಮಾಡುವುದು ಎಪಿಐಗಳ ಜೊತೆ. ಒಂದು ಇಡೀ ಉದ್ಯಮಕ್ಕೆ "ನಿಮ್ಮ ಎಪಿಐ ತೆರೆದಿಡಿ, ಡಾಕ್ಯುಮೆಂಟ್ ಮಾಡಿ, ಕೀ ಕೇಳಬೇಡಿ" ಅಂತ ಮೂವತ್ತೈದು ವರ್ಷಗಳ ಹಿಂದೆಯೇ ಕಾನೂನು ಹೇಳಿತ್ತು ಅಂತ ತಿಳಿದಾಗ ನಿಜಕ್ಕೂ ಆಶ್ಚರ್ಯವಾಯಿತು.

1996ರ ಮಾಡೆಲ್‌ನಿಂದ ಅಮೆರಿಕದಲ್ಲಿ ಮಾರುವ ಎಲ್ಲ ಕಾರುಗಳಿಗೂ ಓಬಿಡಿ-2 ಕಡ್ಡಾಯವಾಯಿತು. ಡ್ಯಾಶ್‌ಬೋರ್ಡಿನ ಕೆಳಗೆ, ಚಾಲಕನ ಕಡೆ, 16 ಪಿನ್ನಿನ, ಒಂದು ಬದಿ ಅಗಲ ಒಂದು ಬದಿ ಕಿರಿದಾದ ಸಾಕೆಟ್ಟು. 16ನೇ ಪಿನ್ನಿನಲ್ಲಿ ಬ್ಯಾಟರಿಯ ಕರೆಂಟು, 4 ಮತ್ತು 5 ಗ್ರೌಂಡ್. ಒಳಗೆ ಮಾತಾಡುವ ಭಾಷೆಗಳು ಮೊದಮೊದಲು ಬೇರೆಬೇರೆ ಇದ್ದವು. 2008ರ ಮಾಡೆಲ್‌ನಿಂದ ಎಲ್ಲರೂ ಕ್ಯಾನ್ ಎಂಬ ಒಂದೇ ಭಾಷೆಗೆ ಬಂದರು.

ಇದಕ್ಕೆ ಬೆಲೆ ಕಟ್ಟಲಾಗದ ಉಪಕಾರ ಮಾಡಿದ್ದು ಕೆನಡಾದ ಎಲ್ಮ್ ಎಲೆಕ್ಟ್ರಾನಿಕ್ಸ್ ಎಂಬ ಪುಟ್ಟ ಕಂಪನಿ. 2000ರ ದಶಕದ ಮಧ್ಯದಲ್ಲಿ ಅವರು ಮಾಡಿದ ಇಎಲ್ಎಂ327 ಎಂಬ ಚಿಪ್ಪು ಈ ಎಲ್ಲ ಭಾಷೆಗಳನ್ನೂ ತಾನೇ ಕಲಿತುಕೊಂಡು, ನಮ್ಮ ಜೊತೆ ಹಳೇ ಮೋಡೆಮ್ಮುಗಳ ಎಟಿ ಕಮಾಂಡಿನ ಶೈಲಿಯಲ್ಲಿ ಮಾತಾಡುತ್ತದೆ. ಮೊದಲ ಆವೃತ್ತಿಯಲ್ಲಿ ನಕಲು ತಡೆಯುವ ಬೀಗ ಹಾಕಿರಲಿಲ್ಲ. ಸರಿ, ನಕಲುಗಳ ಸುರಿಮಳೆ! ಇವತ್ತು ಬೆಂಕಿಪೊಟ್ಟಣದಷ್ಟಿರುವ ಬ್ಲೂಟೂತ್ ಡಬ್ಬಿ ಚಿಲ್ಲರೆ ಕಾಸಿಗೆ ಸಿಗುವುದು ಅದರಿಂದಲೇ. ಮೂಲ ಕಂಪನಿ 2022ರಲ್ಲಿ ಬಾಗಿಲು ಹಾಕಿತು, ನಕಲುಗಳು ಚಿರಂಜೀವಿಗಳಾದವು.

ನೀವೂ ಪ್ರೋಗ್ರಾಮರ್ ಆಗಿದ್ದರೆ ಇದು ಖುಷಿ ಕೊಡುತ್ತದೆ ನೋಡಿ. ಆ ಡಬ್ಬಿಗೆ 01 05 ಅಂತ ಕಳಿಸಿ. "ಎಂಜಿನ್ನಿನ ನೀರು ಎಷ್ಟು ಬಿಸಿ?" ಅಂತ ಕೇಳಿದ ಹಾಗೆ. ಉತ್ತರ 41 05 82 ಅಂತ ಬಂದರೆ, 41 ಎಂಬುದು ನಿಮ್ಮ 01ಕ್ಕೆ ಉತ್ತರ ಎಂಬ ಗುರುತು, ಕೊನೆಯ 82 ಹೆಕ್ಸ್. ದಶಮಾನಕ್ಕೆ ತಂದರೆ 130, ಅದರಲ್ಲಿ 40 ಕಳೆದರೆ 90 ಡಿಗ್ರಿ ಸೆಲ್ಸಿಯಸ್. ಬರೀ 03 ಅಂತ ಕಳಿಸಿದರೆ ದೋಷಗಳ ಪಟ್ಟಿ, ಒಂದೊಂದಕ್ಕೆ ಎರಡು ಬೈಟು. ಮೊದಲ ಎರಡು ಬಿಟ್ ಸೊನ್ನೆಯಾದರೆ ಎಂಜಿನ್ ಕಡೆಯದು, ಅಂದ್ರೆ 'ಪಿ'. ಹಾಗಾಗಿ 01 71 ಅಂತ ಬಂದರೆ ಅದು ಪಿ0171.

ಎತ್ತಿಗೆ ಜ್ವರ, ಎಮ್ಮೆಗೆ ಬರೆ

ಪಿ0171 ಅಂತಲೇ ಉದಾಹರಣೆ ಕೊಟ್ಟಿದ್ದಕ್ಕೆ ಕಾರಣ ಇದೆ. ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ ನನ್ನ ಹತ್ತು ವರ್ಷ ಹಳೆಯ ಸೆಡಾನಿನಲ್ಲಿ ಹತ್ತಿದ್ದು ಅದೇ. ಸ್ಮಾಗ್ ಪರೀಕ್ಷೆಗೆ ಒಂದು ತಿಂಗಳು ಉಳಿದಿತ್ತು. ದೀಪ ಹತ್ತಿದ್ದರೆ ಇಲ್ಲಿ ಸ್ಮಾಗ್ ಪರೀಕ್ಷೆ ಫೇಲು, ಪರೀಕ್ಷೆ ಪಾಸಾಗದೆ ರಿಜಿಸ್ಟ್ರೇಷನ್ ಆಗುವುದಿಲ್ಲ, ಅದಿಲ್ಲದೆ ಆಫೀಸಿಗೆ ಹೋಗುವುದು ಹೇಗೆ? ಒಂದು ಗ್ಯಾರೇಜಿನವರು ಕೋಡು ಓದಿ, ಆಕ್ಸಿಜನ್ ಸೆನ್ಸರ್ ಮತ್ತು ಗಾಳಿ ಅಳೆಯುವ ಸೆನ್ಸರ್ ಎರಡನ್ನೂ ಬದಲಿಸಬೇಕು, ಕೂಲಿ ಸೇರಿ ಆರುನೂರು ಚಿಲ್ಲರೆ ಡಾಲರ್ ಅಂದರು. ನಾಳೆ ಬರ್ತೀನಿ ಅಂತ ಹೇಳಿ ಮನೆಗೆ ಬಂದೆ.

ಪಿ0171ರ ಅರ್ಥ "ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆ, ಗಾಳಿ ಜಾಸ್ತಿ" ಎಂದಷ್ಟೇ. ಆ ಸುದ್ದಿಯನ್ನು ತಂದುಕೊಟ್ಟವನೇ ಆಕ್ಸಿಜನ್ ಸೆನ್ಸರ್. ಕೆಟ್ಟ ಸುದ್ದಿ ತಂದ ಅಂತ ಅಂಚೆಯವನನ್ನೇ ಬದಲಿಸಿದರೆ ಹೇಗೆ? ಕೋಡು ಕಂಡದ್ದನ್ನು ಹೇಳುತ್ತದೆ, ಯಾಕೆ ಅಂತ ಹೇಳುವುದಿಲ್ಲ. ಯಾಕೆ ಅನ್ನೋದನ್ನು ನಾವು ಹುಡುಕಬೇಕು, ನಮ್ಮ ಡೀಬಗ್ಗಿಂಗ್ ಥರಾನೇ.

ಅದೃಷ್ಟಕ್ಕೆ ಲಾಗ್ ಕೂಡಾ ಇದೆ. ದೋಷ ದಾಖಲಾದ ಕ್ಷಣದಲ್ಲಿ ಎಂಜಿನ್ ಯಾವ ಸ್ಥಿತಿಯಲ್ಲಿತ್ತು ಎಂಬುದರ ಒಂದು ಸ್ಥಿರಚಿತ್ರ ಗಣಕದಲ್ಲಿ ಉಳಿದಿರುತ್ತದೆ, 02 ಅಂತ ಕೇಳಿದರೆ ಕೊಡುತ್ತದೆ. ನನ್ನದರಲ್ಲಿ ಎಂಜಿನ್ ಬಿಸಿಯಾಗಿತ್ತು, ಗಾಡಿ ನಿಂತಿತ್ತು, ಎಂಜಿನ್ ಐಡಲ್‌ನಲ್ಲಿತ್ತು. ಮುಂದೆ ಫ್ಯುಯೆಲ್ ಟ್ರಿಮ್ ನೋಡಿದೆ. ಲೆಕ್ಕಕ್ಕಿಂತ ಎಷ್ಟು ಪಾಲು ಹೆಚ್ಚು ಪೆಟ್ರೋಲ್ ಸುರಿಯಬೇಕಾಗಿದೆ ಎಂಬುದರ ಅಳತೆ ಅದು. ಐಡಲ್‌ನಲ್ಲಿ ನೂರಕ್ಕೆ ಇಪ್ಪತ್ತರ ಮೇಲೆ. ಆಕ್ಸಿಲರೇಟರ್ ಒತ್ತಿ 2500 ಆರ್‌ಪಿಎಂನಲ್ಲಿ ಹಿಡಿದರೆ ಐದರ ಹತ್ತಿರ.

ಇದರಲ್ಲೇ ಉತ್ತರ ಇತ್ತು. ಗಾಳಿ ಅಳೆಯುವ ಸೆನ್ಸರ್ ಕೆಟ್ಟಿದ್ದರೆ ಗಾಳಿ ಹೆಚ್ಚು ಬೇಕಾದಾಗಲೂ ತಪ್ಪು ಉಳಿಯಬೇಕಿತ್ತು, ಇನ್ನೂ ಜಾಸ್ತಿಯೇ ಆಗಬೇಕಿತ್ತು. ಐಡಲ್‌ನಲ್ಲಿ ಮಾತ್ರ ಹೆಚ್ಚು ಅಂದರೆ ಸೆನ್ಸರನ್ನು ದಾಟಿದ ಮೇಲೆ ಎಲ್ಲೋ ಕಳ್ಳಗಾಳಿ ಒಳಗೆ ಹೋಗುತ್ತಿದೆ. ಎಂಜಿನ್ ಸ್ವಲ್ಪವೇ ಉಸಿರಾಡುವಾಗ ಆ ತೂತಿನ ಗಾಳಿ ದೊಡ್ಡ ಪಾಲು, ಜೋರಾಗಿ ಉಸಿರಾಡುವಾಗ ಸಣ್ಣ ಪಾಲು. ಒಂದು ರಬ್ಬರ್ ಕೊಳವೆಯ ತುದಿಯನ್ನು ಕಿವಿಗೆ ಇಟ್ಟುಕೊಂಡು, ಫ್ಯಾನಿಗೂ ಬೆಲ್ಟಿಗೂ ದೂರವಾಗಿ, ಇನ್ನೊಂದು ತುದಿಯನ್ನು ಅಲ್ಲಲ್ಲಿ ಹಿಡಿದು ಕೇಳುತ್ತಾ ಹೋದೆ. ಡಾಕ್ಟರ ಸ್ಟೆತಾಸ್ಕೋಪಿನ ಹಾಗೆ. ಪಿಸಿವಿ ಕೊಳವೆ ಎಂಬ ಮೊಣಕೈ ಆಕಾರದ ರಬ್ಬರಿನ ಹತ್ತಿರ ಬುಸ್ಸ್ ಅಂತ ಸದ್ದು. ಎಂಜಿನ್ ಆಫ್ ಮಾಡಿ ಆರಿದ ಮೇಲೆ ಬಗ್ಗಿಸಿ ನೋಡಿದರೆ ಕೆಳಗಿನ ಮಗ್ಗುಲಲ್ಲಿ ಸೀಳು. ಹೊಸ ಕೊಳವೆಗೆ ಹದಿನಾಲ್ಕು ಡಾಲರ್.

ಇಲ್ಲೊಂದು ಕಿವಿಮಾತು. ಅದೇ ಡಬ್ಬಿಯಿಂದ 04 ಅಂತ ಕಳಿಸಿದರೆ ದೀಪ ತಕ್ಷಣ ಆರುತ್ತದೆ. ಆದರೆ ಕೋಡಿನ ಜೊತೆ ಕಾರು ಮಾಡಿಕೊಂಡಿದ್ದ ಸ್ವಪರೀಕ್ಷೆಗಳ ಫಲಿತಾಂಶವೂ ಅಳಿಸಿಹೋಗುತ್ತದೆ. "ಇನ್ನೂ ಪರೀಕ್ಷೆ ಆಗಿಲ್ಲ" ಅನ್ನುವ ಕಾರನ್ನು ಸ್ಮಾಗ್ ಕೇಂದ್ರದವರು ವಾಪಸ್ ಕಳಿಸುತ್ತಾರೆ. ಅಳಿಸಿ ಮೋಸ ಮಾಡುವವರಿಗಾಗಿಯೇ, 2010ರ ಮಾಡೆಲ್‌ನಿಂದಾಚೆಗೆ ಯಂತ್ರದಿಂದ ಅಳಿಸಲಾಗದ ಕಾಯಂ ಕೋಡು ಎಂಬುದೊಂದು ಬಂತು, 2019ರ ಜುಲೈಯಿಂದ ಇಲ್ಲಿನ ಸ್ಮಾಗ್ ಪರೀಕ್ಷೆಯಲ್ಲಿ ಅದನ್ನೂ ನೋಡುತ್ತಾರೆ. ದೋಷ ಹೋಗಿದೆ ಅಂತ ಕಾರಿಗೇ ಮನವರಿಕೆಯಾಗಿ ಅದೇ ಅಳಿಸಬೇಕು. ನಾನು ಏನೂ ಅಳಿಸದೆ ಆಫೀಸಿಗೆ ಓಡಾಡಿಕೊಂಡಿದ್ದೆ. ಅದೇ ವಾರದಲ್ಲಿ ದೀಪ ತಾನಾಗಿಯೇ ಆರಿತು, ಪರೀಕ್ಷೆಯೂ ಪಾಸಾಯಿತು. ಆ ಪರೀಕ್ಷೆ ಹೇಗಿತ್ತು ಅಂದ್ರೆ, ಹೊಗೆ ಕೊಳವೆಗೆ ಏನನ್ನೂ ಇಡಲೇ ಇಲ್ಲ. 2015ರಿಂದ ಇಲ್ಲಿ 2000 ಮತ್ತು ಅದರ ನಂತರದ ಮಾಡೆಲ್‌ನ ಪೆಟ್ರೋಲ್ ಕಾರುಗಳಿಗೆ ಕೊಳವೆಯ ಹೊಗೆ ಅಳೆಯುವುದನ್ನೇ ಬಿಟ್ಟು, ಆ 16 ಪಿನ್ನಿನ ಸಾಕೆಟ್ಟಿಗೆ ವೈರು ಸಿಕ್ಕಿಸಿ ಕಾರನ್ನೇ ಕೇಳುತ್ತಾರೆ.

ಬೇಲಿಯೇ ಹೊಲ ಮೇಯ್ದಾಗ

ಕಾರನ್ನೇ ಕೇಳುವುದು ಸರಿ. ಕಾರು ಸುಳ್ಳು ಹೇಳಿದರೆ?

ಹೇಳಿತು ಕೂಡಾ. 2013ರಲ್ಲಿ ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದ ಒಂದು ಪುಟ್ಟ ತಂಡ ಮೂರು ಡೀಸೆಲ್ ಕಾರುಗಳ ಹಿಂಬದಿಗೆ ಅಳತೆಯ ಯಂತ್ರ ಕಟ್ಟಿಕೊಂಡು ಕ್ಯಾಲಿಫೋರ್ನಿಯಾದ ರಸ್ತೆಗಳಲ್ಲಿ ಓಡಿಸಿತು. ಆ ತಂಡದಲ್ಲಿದ್ದ ಒಬ್ಬರು ನಮ್ಮ ಬೆಂಗಳೂರು ಮೂಲದ ಹೇಮಂತ್ ಕಪ್ಪಣ್ಣ. ಇದೇ ಕಾರುಗಳು ಲ್ಯಾಬಿನ ರೋಲರ್ ಮೇಲೆ ಶುದ್ಧ ಸಾಧುಗಳು. ರಸ್ತೆಗಿಳಿದರೆ ಫೋಕ್ಸ್‌ವ್ಯಾಗನ್ ಜೆಟ್ಟಾ ಮಿತಿಗಿಂತ 15ರಿಂದ 35 ಪಟ್ಟು, ಪಸಾಟ್ 5ರಿಂದ 20 ಪಟ್ಟು ನೈಟ್ರೋಜನ್ ಆಕ್ಸೈಡ್ ಕಾರುತ್ತಿದ್ದವು. ಪರೀಕ್ಷೆ ನಡೆಯುತ್ತಿದೆ ಅಂತ ಗುರುತಿಸಿದಾಗ ಮಾತ್ರ ಒಳ್ಳೆಯ ಹುಡುಗನಾಗುವ ಸಾಫ್ಟ್‌ವೇರ್ ಒಳಗಿತ್ತು. 2015ರ ಸೆಪ್ಟೆಂಬರಿನಲ್ಲಿ ಗುಟ್ಟು ರಟ್ಟಾಯಿತು. ಲೋಕದಾದ್ಯಂತ ಸುಮಾರು 1 ಕೋಟಿ 10 ಲಕ್ಷ ಕಾರುಗಳಲ್ಲಿ ಇದಿತ್ತು ಅಂತ ಕಂಪನಿಯೇ ಒಪ್ಪಿಕೊಂಡಿತು. ಆ ಕಾರುಗಳಲ್ಲಿ ಈ ಮೋಸಕ್ಕೆ ಹಳದಿ ದೀಪ ಹತ್ತುತ್ತಿರಲಿಲ್ಲ. ದೀಪ ಹಚ್ಚಬೇಕಾದ ಸಾಫ್ಟ್‌ವೇರನ್ನು ಬರೆದವರೂ, ಹೊಗೆ ಬಿಡುವ ಸಾಫ್ಟ್‌ವೇರನ್ನು ಬರೆದವರೂ ಒಂದೇ ಮನೆಯವರು. ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರು ಯಾರು?

ಕಾದವರು ಕ್ಯಾಲಿಫೋರ್ನಿಯಾದ ಅದೇ ಏರ್ ರಿಸೋರ್ಸಸ್ ಬೋರ್ಡಿನವರು. ತಿಂಗಳುಗಟ್ಟಲೆ ಮತ್ತೆ ಮತ್ತೆ ಪರೀಕ್ಷೆ ಮಾಡಿ, ಕಂಪನಿ ಕೊಟ್ಟ ಒಂದೊಂದು ಸಬೂಬನ್ನೂ ಕೆಡವಿದ್ದು ಎಲ್ ಮಾಂಟೆ ಎಂಬಲ್ಲಿದ್ದ ಅವರ ಪ್ರಯೋಗಾಲಯ. ಅದರ ಹೆಸರು ಹಾಗನ್-ಸ್ಮಿಟ್ ಲ್ಯಾಬೊರೇಟರಿ. ಅನಾನಸ್ ಮೇಷ್ಟ್ರು 1977ರಲ್ಲೇ ತೀರಿಹೋಗಿದ್ದರು, ಅವರ ಹೆಸರಿನ ಮನೆ ಕಳ್ಳನನ್ನು ಹಿಡಿಯಿತು.

ಈ ಸಾಕೆಟ್ಟು ಯಾರದ್ದು?

ನಮ್ಮಲ್ಲಿಗೂ ಈ ದೀಪ ಬಂದು ಬಹಳ ಕಾಲವೇನೂ ಆಗಿಲ್ಲ. 2010ರ ಏಪ್ರಿಲಿನಲ್ಲಿ ಬೆಂಗಳೂರೂ ಸೇರಿದಂತೆ 13 ನಗರಗಳಿಗೆ ಬಿಎಸ್-4 ಬಂದಾಗ ಅದರ ಜೊತೆ ಓಬಿಡಿ-1 ಬಂತು, 2013ರ ಏಪ್ರಿಲಿನಿಂದ ಓಬಿಡಿ-2. 2020ರಲ್ಲಿ ಬಿಎಸ್-6 ಬಂದಾಗ ಬೈಕು ಸ್ಕೂಟರುಗಳಿಗೂ ಹಳದಿ ದೀಪ ಬಂತು. ಇದರಿಂದ ಊರಲ್ಲಿರುವ ನಿಮ್ಮ ಕಾರಿನಲ್ಲೂ ಕಾಲ ಬುಡದಲ್ಲಿ ಅದೇ 16 ಪಿನ್ನಿನ ಸಾಕೆಟ್ಟು ಇರುವ ಸಂಭವವೇ ಹೆಚ್ಚು. ಅದೇ ಚಿಲ್ಲರೆ ಡಬ್ಬಿ ಅಲ್ಲೂ ನಡೆಯುತ್ತದೆ. ಲಾಸ್ ಏಂಜಲೀಸಿನ ಕಣ್ಣುರಿ ಶಿವಮೊಗ್ಗದ ಮೆಕ್ಯಾನಿಕ್ಕಿನ ಕೈಗೆ ಒಂದು ಉಪಕರಣ ಕೊಟ್ಟಿತು ಅನ್ನಬಹುದು.

ಆದರೆ ಈ ಹಕ್ಕಿಗೊಂದು ದೌರ್ಬಲ್ಯ ಇದೆ. ಅದು ನಮಗೆ ಸಿಕ್ಕಿದ್ದು ಹೊಗೆಯ ಹೆಸರಿನಲ್ಲಿ. ಬ್ರೇಕು, ಏರ್‌ಬ್ಯಾಗು, ಬಾಗಿಲ ಬೀಗ ಇವುಗಳ ಕೋಡುಗಳು ಕಂಪನಿಯ ಸ್ವಂತ ಭಾಷೆಯಲ್ಲೇ ಉಳಿದವು. ಅದಕ್ಕೇ ಮ್ಯಾಸಚೂಸೆಟ್ಸ್ ರಾಜ್ಯದ ಜನ 2012ರಲ್ಲಿ ಮತ ಹಾಕಿ ದುರಸ್ತಿಯ ಹಕ್ಕಿನ ಕಾನೂನು ತಂದರು. ಕಾರು ತನ್ನ ಸುದ್ದಿಯನ್ನು ಸಾಕೆಟ್ಟು ಬಿಟ್ಟು ನೇರವಾಗಿ ಗಾಳಿಯಲ್ಲಿ ಕಂಪನಿಗೆ ಕಳಿಸತೊಡಗಿದಾಗ 2020ರಲ್ಲಿ ಮತ್ತೊಮ್ಮೆ ಮತ ಹಾಕಿದರು, ನಾಲ್ವರಲ್ಲಿ ಮೂವರು ಹೌದು ಅಂದರು. ಕಂಪನಿಗಳು ಕೋರ್ಟಿಗೆ ಹೋದವು. ಅವರ ವಾದದಲ್ಲಿ ಹುರುಳೇ ಇಲ್ಲ ಅಂತಲೂ ಹೇಳಲಾರೆ. 2015ರಲ್ಲಿ ಇಬ್ಬರು ಸಂಶೋಧಕರು ದೂರದಿಂದಲೇ ಹೆದ್ದಾರಿಯಲ್ಲಿ ಓಡುತ್ತಿದ್ದ ಒಂದು ಜೀಪಿನ ಟ್ರಾನ್ಸ್‌ಮಿಷನ್ ಕೆಲಸ ಮಾಡದಂತೆ ಮಾಡಿ ತೋರಿಸಿ, 14 ಲಕ್ಷ ವಾಹನಗಳನ್ನು ವಾಪಸ್ ಕರೆಸಬೇಕಾಗಿ ಬಂದಿತ್ತು. ತೆರೆದ ಬಾಗಿಲಲ್ಲಿ ಕಳ್ಳನೂ ಬರಬಹುದು. ಆದರೆ ಬೀಗ ಹಾಕಿ ಕೀಲಿಯನ್ನು ಮಾಲೀಕನಿಗೆ ಕೊಡುವುದು ಬೇರೆ, ಬೀಗ ಹಾಕಿ ಕೀಲಿಯನ್ನು ತಾವೇ ಇಟ್ಟುಕೊಳ್ಳುವುದು ಬೇರೆ ಅಲ್ಲವಾ?

ಎಲೆಕ್ಟ್ರಿಕ್ ಕಾರಿಗೆ ಹೊಗೆಯೇ ಇಲ್ಲ. ಒಳ್ಳೆಯದೇ. ಹೊಗೆಗಾಗಿ ಬರೆದ 1990ರ ಆ ಉಪವಿಧಿಯ ಹಿಡಿತಕ್ಕೂ ಅದು ಸಿಗುವುದಿಲ್ಲ. ಅದರ ಬ್ಯಾಟರಿ ಎಷ್ಟು ಸವೆದಿದೆ, ಯಾವ ಸೆಲ್ ಕೆಟ್ಟಿದೆ ಅಂತ ಮಾಲೀಕ ತಾನೇ ಓದಬಹುದಾ, ಕಂಪನಿಯವರು ಹೇಳಿದ್ದನ್ನು ನಂಬಬೇಕಾ ಎಂಬುದನ್ನು ಈ ಸಲ ಹೊಗೆಯ ನೆಪವಿಲ್ಲದೆ, ನೇರವಾಗಿಯೇ ಕೇಳಿ ಪಡೆಯಬೇಕಾಗುತ್ತದೆ. ಕೇಳದೆ ಸಿಕ್ಕಿದ್ದನ್ನು ಕೇಳಿ ಉಳಿಸಿಕೊಳ್ಳುವ ಕಾಲ ಇದು ಅಂತ ನನಗನ್ನಿಸುತ್ತದೆ.

ಕೊನೆಗೆ ಉಪಯೋಗಕ್ಕೆ ಬರುವ ಎರಡು ಮಾತು. ಆ ಹಳದಿ ದೀಪ ಸುಮ್ಮನೆ ಹತ್ತಿದ್ದರೆ ಗಾಬರಿಯಾಗಬೇಡಿ, ಮನೆ ತಲುಪಿ ಕೋಡು ಓದಿ, ಪೆಟ್ರೋಲ್ ಟ್ಯಾಂಕಿನ ಮುಚ್ಚಳ ಸಡಿಲವಾಗಿದ್ದರೂ ಅದು ಹತ್ತುತ್ತದೆ. ಆದರೆ ಮಿಣಕ್ ಮಿಣಕ್ ಅಂತ ಮಿಟುಕುತ್ತಿದ್ದರೆ ಪೆಟ್ರೋಲ್ ಉರಿಯದೆ ಕನ್ವರ್ಟರಿಗೆ ಹೋಗಿ ಅದನ್ನು ಸುಡುತ್ತಿದೆ ಅಂತ ಅರ್ಥ. ನಿಧಾನಕ್ಕೆ ಪಕ್ಕಕ್ಕೆ ತೆಗೆದುಕೊಂಡು ನಿಲ್ಲಿಸಿ. ಗ್ಯಾರೇಜಿಗೆ ಹೋದಾಗ "ಯಾವ ಕೋಡು?" ಅಂತ ಕೇಳುವುದರ ಜೊತೆಗೆ "ಈ ಭಾಗವೇ ಕೆಟ್ಟಿದೆ ಅಂತ ಹೇಗೆ ಗೊತ್ತಾಯ್ತು?" ಅಂತಲೂ ಕೇಳಿ. ನಿಮ್ಮ ಕಾರಿನಲ್ಲಿ ಆ ಸಾಕೆಟ್ಟು ಎಲ್ಲಿ ಅಡಗಿದೆ, ಅದು ನಿಮಗೆ ಏನು ಹೇಳಿತು ಅಂತ ಪುರುಸೊತ್ತಾದಾಗ ಬರೆದು ತಿಳಿಸಿ :-)